ಬೆನ್ನ ಹಿಂದಿನ ಕೈ

ಹೆಣ್ಣುಮಗುವೊಂದು ನಿಂತಿದೆ. ವಯಸ್ಸು ನಾಲ್ಕೋ ಐದೋ ಇರಬಹುದು. ದೇಹದ ಅಳತೆಯನ್ನು ಮೀರಿದ ದೊಡ್ಡ ತಲೆ, ಅಗಲವಾದ ಹಣೆ, ಉಬ್ಬಿದ ಕೆನ್ನೆ, ಒಂದಕ್ಕೊಂದು ದೂರವಾಗಿ ಕುಳಿತ ಎರಡು ದೊಡ್ಡ ಕಣ್ಣುಗಳು, ಗೆರೆ ಎಳೆದಂತಿರುವ ಪುಟ್ಟ ಬಾಯಿ. ಮೈಮೇಲೆ ಕೆಂಪು ಅಂಗಿ. ಹಿನ್ನೆಲೆಯಲ್ಲಿ ಮನೆಯಿಲ್ಲ, ಮರವಿಲ್ಲ, ಕೈಹಿಡಿದು ನಡೆಸುವ ತಾಯಿಯಿಲ್ಲ. ತಿಳಿಬಣ್ಣದ ಬಯಲೊಂದನ್ನು ಬಿಟ್ಟರೆ ಮತ್ತೇನೂ ಇಲ್ಲ. ಇಷ್ಟೇ ಆಗಿದ್ದರೆ ಮಕ್ಕಳ ಪುಸ್ತಕದ ಯಾವುದೋ ಪುಟವೆಂದು ನೋಡಿ, ನಕ್ಕು ಮುಂದೆ ಹೋಗಬಹುದಾಗಿತ್ತು. ಆದರೆ ಆ ಕಣ್ಣುಗಳು ಎದುರಿಗೆ ನಿಂತವರನ್ನು ಕೆಕ್ಕರಿಸಿ ನೋಡುತ್ತಿವೆ. ಮಗುವಿನ ಒಂದು ಕೈ ಕಾಣಿಸುತ್ತದೆ. ಇನ್ನೊಂದು ಬೆನ್ನ ಹಿಂದೆ ಮರೆಯಾಗಿದೆ. ಮರೆಯಾದ ಕೈಯಲ್ಲಿ ಏನಿದೆ? ಚಿತ್ರದೊಳಗೆ ಉತ್ತರವಿಲ್ಲ. ಉತ್ತರವಿರುವುದು ಚಿತ್ರದ ಹೆಸರಿನಲ್ಲಿ: ‘ಬೆನ್ನ ಹಿಂದೆ ಚಾಕು’.

ಜಪಾನಿನ ಯೊಶಿತೊಮೊ ನಾರಾ ಅವರು 2000ದಲ್ಲಿ ರಚಿಸಿದ ಈ ಚಿತ್ರ 2019ರ ಅಕ್ಟೋಬರ್ ತಿಂಗಳಲ್ಲಿ ಹಾಂಕಾಂಗಿನ ಹರಾಜೊಂದರಲ್ಲಿ 19 ಕೋಟಿ 57 ಲಕ್ಷ ಹಾಂಕಾಂಗ್ ಡಾಲರುಗಳಿಗೆ, ಎಂದರೆ ಸುಮಾರು ಎರಡೂವರೆ ಕೋಟಿ ಅಮೆರಿಕನ್ ಡಾಲರುಗಳಿಗೆ ಮಾರಾಟವಾಯಿತು. ಒಂದು ಸಿಡುಕು ಮೋರೆಯ ಮಗುವಿಗೆ ಇಷ್ಟು ಬೆಲೆಯೆ ಎಂದು ಬೆರಗಾಗುವುದು ಸಹಜವೇ. ಬೆಲೆಯ ಮಾತು ಒತ್ತಟ್ಟಿಗಿರಲಿ. ಅದಕ್ಕಿಂತ ಹೆಚ್ಚು ಯೋಚಿಸಬೇಕಾದ ಪ್ರಶ್ನೆ ಬೇರೊಂದಿದೆ. ಮುದ್ದಾದುದನ್ನು ಕಂಡಾಗ ಮನಸ್ಸು ಅರಳಬೇಕು. ಈ ಮುದ್ದು ಮಗುವಿನ ಮುಂದೆ ನಿಂತಾಗ ಮನಸ್ಸು ಅರಳುತ್ತಲೇ ಅಳುಕುವುದೇಕೆ? ಆ ಅಳುಕಿನ ಬೇರು ಮಗುವಿನಲ್ಲಿದೆಯೊ, ನೋಡುವವರಲ್ಲಿದೆಯೊ?

ಈ ಬಗೆಯ ಚಿತ್ರಗಳಿಗೆ ಇಂದು ‘ಪಾಪ್ ಸರ್ರಿಯಲಿಸಂ’ ಎಂಬ ಹೆಸರು ಬಳಕೆಯಲ್ಲಿದೆ. ಹೆಸರು ಹುಟ್ಟಿದ್ದು ಅಮೆರಿಕದಲ್ಲಿ. ಕಾಮಿಕ್ಸ್, ಆಟಿಕೆ, ಜಾಹೀರಾತು, ರೆಕಾರ್ಡುಗಳ ಹೊದಿಕೆ ಮುಂತಾದ ಜನಪ್ರಿಯ ವಸ್ತುಗಳ ರೂಪವನ್ನು ತೆಗೆದುಕೊಂಡು, ಅದರೊಳಗೆ ಕನಸಿನ ವಿಚಿತ್ರವನ್ನೂ ಭಯವನ್ನೂ ತುಂಬುವ ಕಲೆಯಿದು. ಈ ಹೆಸರಿನಡಿ ಜಪಾನಿನ ಹಲವರನ್ನು ಸೇರಿಸುವುದುಂಟಾದರೂ, ಜಪಾನಿನ ಚಿತ್ರಗಳಿಗೆ ಅವುಗಳದೇ ಆದ ಮನೆತನವೊಂದಿದೆ. ಅದನ್ನು ತಿಳಿಯಬೇಕಾದರೆ ಜಪಾನೀ ಭಾಷೆಯ ಒಂದೇ ಒಂದು ಮಾತನ್ನು ಹಿಡಿದು ಹೊರಡುವುದು ಒಳಿತು. ಆ ಮಾತು ‘ಕವಾಯಿ’.

ಕವಾಯಿ ಎಂದರೆ ಮುದ್ದಾದುದು. ಬೆಕ್ಕಿನ ಮರಿ ಕವಾಯಿ, ಕೂಸಿನ ಕಾಲ್ಬೆರಳು ಕವಾಯಿ, ಶಾಲೆಯ ಹುಡುಗಿಯ ಪೆನ್ಸಿಲ್ ಡಬ್ಬಿಯೂ ಕವಾಯಿ. ಆದರೆ ಈ ಮಾತಿನ ಪೂರ್ವಜನ್ಮ ಬೇರೆ. ಮೊದಲಿಗೆ ಅದು ಮುಖ ಕೆಂಪೇರುವ ನಾಚಿಕೆಯನ್ನು, ಸಂಕೋಚವನ್ನು ಸೂಚಿಸುತ್ತಿತ್ತು. ಬಳಿಕ ‘ನೋಡಲಾಗದು, ಅಯ್ಯೋ’ ಎನ್ನಿಸುವ ಮರುಕಕ್ಕೆ ತಿರುಗಿತು. ಆಮೇಲೆ ‘ಮುದ್ದು’ ಎಂಬ ಅರ್ಥಕ್ಕೆ ಬಂದು ನಿಂತಿತು. ಅದರ ಒಡಹುಟ್ಟಿನಂತಿರುವ ‘ಕವಾಯಿಸೋ’ ಎಂಬ ಮಾತಿಗೆ ಇಂದಿಗೂ ‘ಪಾಪ, ಕನಿಕರ ಪಡಬೇಕಾದವರು’ ಎಂದೇ ಅರ್ಥ. ಮುದ್ದಿಗೂ ಮರುಕಕ್ಕೂ ನಡುವೆ ಅಲ್ಲಿ ಒಂದು ಅಕ್ಷರದಷ್ಟೇ ಅಂತರ.

ಕನ್ನಡಿಗರಿಗೆ ಇದು ಅಷ್ಟೇನೂ ದೂರದ ಸಂಗತಿಯಲ್ಲ. ಕನ್ನಡದ ಮನೆಗಳಲ್ಲಿ ಎಳೆಗೂಸಿಗೆ ‘ಪಾಪ’ ಎನ್ನುತ್ತಾರೆ. ಕಷ್ಟದಲ್ಲಿರುವವರನ್ನು ಕಂಡಾಗಲೂ ‘ಪಾಪ’ ಎನ್ನುತ್ತಾರೆ. ಎರಡು ಮಾತುಗಳ ಮೂಲ ಬೇರೆ ಬೇರೆ. ಒಂದು ದ್ರಾವಿಡ, ಇನ್ನೊಂದು ಸಂಸ್ಕೃತ. ಆದರೂ ನಾಲಗೆಯ ಮೇಲೆ ಎರಡೂ ಒಂದಾಗಿವೆ. ಇಷ್ಟೇ ಅಲ್ಲ, ಕಣ್ಣಿನ ನಡುವಣ ಕಪ್ಪು ಬೊಟ್ಟಿಗೂ ಕನ್ನಡದಲ್ಲಿ ‘ಪಾಪೆ’ ಎಂದೇ ಹೆಸರು. ಅದು ಕೂಸಿಗೆ ಹೇಳುವ ಮಾತಿನ ಮನೆತನಕ್ಕೇ ಸೇರಿದ್ದು. ಎದುರಿನವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅಲ್ಲಿ ನೋಡುವವರ ಬಿಂಬವೇ ಪುಟ್ಟದಾಗಿ ಕಾಣುವುದಷ್ಟೆ. ಕೂಸು, ಕರುಣೆ, ಕಣ್ಣು ಎಂಬ ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಾರಾ ಅವರ ಚಿತ್ರಗಳ ಬಾಗಿಲು ಅರ್ಧ ತೆರೆದಂತೆ.

ಸಣ್ಣದರಲ್ಲಿ ಚೆಲುವನ್ನು ಕಾಣುವ ಅಭ್ಯಾಸ ಜಪಾನಿನಲ್ಲಿ ಬಹು ಹಳೆಯದು. ಕ್ರಿ.ಶ. 1000ದ ಸುಮಾರಿನಲ್ಲಿ ರಾಣಿವಾಸದಲ್ಲಿದ್ದ ಸೇಯಿ ಶೋನಾಗನ್ ಎಂಬ ವಿದುಷಿ ತನ್ನ ‘ದಿಂಬಿನ ಪುಸ್ತಕ’ದಲ್ಲಿ ಮುದ್ದೆನಿಸುವ ವಸ್ತುಗಳ ಪಟ್ಟಿಯನ್ನೇ ಕೊಟ್ಟಿದ್ದಾಳೆ. ಹಣ್ಣಿನ ಮೇಲೆ ಬರೆದ ಮಗುವಿನ ಮುಖ, ಇಲಿಯಂತೆ ಚೀಂಗುಟ್ಟಿ ಕರೆದರೆ ಕುಪ್ಪಳಿಸಿ ಬರುವ ಗುಬ್ಬಚ್ಚಿ ಮರಿ, ಅಂಬೆಗಾಲಿಡುವಾಗ ಕಂಡ ಕಸದ ಚೂರೊಂದನ್ನು ಬೆರಳಲ್ಲಿ ಹಿಡಿದು ದೊಡ್ಡವರಿಗೆ ತೋರಿಸುವ ಕೂಸು ಇವೆಲ್ಲ ಅದರಲ್ಲಿವೆ. ಅವಳು ಹೆಸರಿಸಿದ್ದು ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಜೀವಗಳನ್ನೇ ಹೆಚ್ಚಾಗಿ ಎಂಬುದನ್ನು ಮರೆಯಬಾರದು.

ಆ ದೊಡ್ಡ ಕಣ್ಣುಗಳು ಬಂದದ್ದು ಇನ್ನೊಂದು ದಾರಿಯಿಂದ. ಅದು ಸಚಿತ್ರ ಪತ್ರಿಕೆಗಳ ದಾರಿ. 1930ರ ದಶಕದಲ್ಲಿ ‘ಶೋಜೊ ನೊ ತೊಮೊ’, ಎಂದರೆ ‘ಬಾಲೆಯರ ಗೆಳತಿ’ ಎಂಬ ಪತ್ರಿಕೆಗೆ ಜುನ್‌ಇಚಿ ನಕಹಾರಾ ಎಂಬ ತರುಣ ಚಿತ್ರಗಳನ್ನು ಬರೆಯುತ್ತಿದ್ದ. ಅವನ ಹುಡುಗಿಯರಿಗೆ ಮುಖದ ತುಂಬ ಕಣ್ಣು, ಕಣ್ಣಿನ ತುಂಬ ಕನಸು. ಯುದ್ಧದ ಕಾಲದ ಅಧಿಕಾರಿಗಳಿಗೆ ಇದು ಸಹ್ಯವಾಗಲಿಲ್ಲ. ದೇಶ ಉಕ್ಕಿನಂತೆ ಗಟ್ಟಿಯಾಗಬೇಕಾದಾಗ ಇಂಥ ಮೃದುತ್ವವೆ? 1940ರಲ್ಲಿ ನಕಹಾರಾ ಆ ಪತ್ರಿಕೆಯನ್ನು ಬಿಡಬೇಕಾಯಿತು. ಮರುವರ್ಷ, 1941ರಲ್ಲಿ, ಅತಿವಾಸ್ತವವಾದದ ಚಿತ್ರಕಾರ ಇಚಿರೊ ಫುಕುಜಾವಾ ಮತ್ತು ಕವಿ-ವಿಮರ್ಶಕ ಶೂಜೊ ತಕಿಗುಚಿ ಇಬ್ಬರನ್ನೂ ಪೋಲೀಸರು ಸೆರೆಹಿಡಿದರು. ಮುದ್ದಾದ ಕಣ್ಣು, ಕನಸಿನ ಚಿತ್ರ, ಎರಡನ್ನೂ ಒಂದೇ ಸರ್ಕಾರ ಶಂಕೆಯಿಂದ ನೋಡಿತು. ಅರ್ಧ ಶತಮಾನದ ನಂತರ ಅವೆರಡೂ ಒಂದೇ ಚಿತ್ರದಲ್ಲಿ ಕೂಡಿದವು.

ಯುದ್ಧ ಮುಗಿದ ಮೇಲೆ ಒಸಾಮು ತೆಜುಕಾ ತನ್ನ ಚಿತ್ರಕಥೆಗಳಲ್ಲಿ ಆ ಕಣ್ಣುಗಳನ್ನು ಇನ್ನೂ ಹಿಗ್ಗಿಸಿದ. ತಕರಜುಕಾ ಊರಿನಲ್ಲಿ ಬೆಳೆದ ಅವನಿಗೆ ಅಲ್ಲಿಯ ಸ್ತ್ರೀನಾಟಕ ಮಂಡಲಿಯ ನಟಿಯರ ಕಣ್ಣಿನ ಬಣ್ಣಗಾರಿಕೆ, ರಂಗದ ದೀಪಗಳು ಆ ಕಣ್ಣುಗಳಲ್ಲಿ ಮಿನುಗುವ ರೀತಿ ಬಾಲ್ಯದಿಂದಲೂ ಪರಿಚಿತ. 1953ರಲ್ಲಿ ಆರಂಭವಾದ ಅವನ ‘ರಿಬ್ಬನ್ನಿನ ವೀರ’ ಧಾರಾವಾಹಿಯಲ್ಲಿ ಆ ಮಿನುಗು ಮನೆಮನೆಗೂ ಹೋಯಿತು. 1970ರ ದಶಕದಲ್ಲಿ ಶಾಲೆಯ ಹುಡುಗಿಯರು ತಮ್ಮ ಬರಹವನ್ನೇ ದುಂಡುದುಂಡಾಗಿ ಮಾಡಿಕೊಂಡು, ನಡುನಡುವೆ ಹೃದಯ, ನಕ್ಷತ್ರಗಳನ್ನು ಬಿಡಿಸತೊಡಗಿದರು. ಕೆಲವು ಶಾಲೆಗಳು ಈ ಬರಹವನ್ನು ನಿಷೇಧಿಸಿದವು. ಹುಡುಗಿಯರು ನಿಲ್ಲಿಸಲಿಲ್ಲ. ಮುದ್ದಿನಲ್ಲಿ ಒಂದು ಮೊಂಡುತನವೂ ಇರಬಹುದೆಂಬುದಕ್ಕೆ ಇದು ಮೊದಲ ಸಾಕ್ಷಿ. ಅದೇ ದಶಕದಲ್ಲಿ, 1974ರಲ್ಲಿ, ಸಾನ್ರಿಯೊ ಕಂಪನಿ ಹಲೋ ಕಿಟ್ಟಿಯನ್ನು ಸೃಷ್ಟಿಸಿತು. ಪ್ರಪಂಚವನ್ನೆಲ್ಲ ಸುತ್ತಿದ ಆ ಗೊಂಬೆಗೆ ಬಾಯಿಯಿಲ್ಲವೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಬಾಯಿಯಿಲ್ಲದ್ದರಿಂದಲೇ ಅದು ನೋಡುವವರು ಸಂತೋಷದಲ್ಲಿದ್ದರೆ ಸಂತೋಷದಿಂದಿರುತ್ತದೆ, ದುಃಖದಲ್ಲಿದ್ದರೆ ದುಃಖಿಸುತ್ತದೆ. ಆದರೆ ತನಗೆ ಏನು ಬೇಕೆಂದು ಮಾತ್ರ ಅದು ಎಂದಿಗೂ ಹೇಳಲಾರದು.

ಮುದ್ದಿನ ಬಗೆಗೆ ವಿಜ್ಞಾನಿಗಳೂ ಯೋಚಿಸಿದ್ದಾರೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದ ಕೊನ್ರಾಡ್ ಲೊರೆಂಜ್ 1943ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದ. ದೊಡ್ಡ ತಲೆ, ಎತ್ತರದ ಹಣೆ, ಮುಖದಲ್ಲಿ ಕೆಳಗೆ ಕುಳಿತ ದೊಡ್ಡ ಕಣ್ಣು, ದುಂಡು ಕೆನ್ನೆ, ಗಿಡ್ಡ ಕೈಕಾಲು ಈ ಲಕ್ಷಣಗಳನ್ನು ಕಂಡೊಡನೆ ದೊಡ್ಡವರಲ್ಲಿ ಸಾಕುವ, ಕಾಪಾಡುವ ಪ್ರವೃತ್ತಿ ತಾನಾಗಿ ಎಚ್ಚರಗೊಳ್ಳುತ್ತದೆ ಎಂಬುದು ಅದರ ಸಾರ. ಹಿರೋಶಿಮಾ ವಿಶ್ವವಿದ್ಯಾನಿಲಯದ ಹಿರೋಶಿ ನಿತ್ತೊನೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಚಿಮಟದಿಂದ ಸಣ್ಣ ಚೂರುಗಳನ್ನು ಇಕ್ಕಟ್ಟಾದ ರಂಧ್ರಗಳಿಂದ, ಅಂಚು ತಾಗದಂತೆ ಹೊರತೆಗೆಯುವ ಆಟವೊಂದನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ನಾಯಿಮರಿ, ಬೆಕ್ಕಿನ ಮರಿಗಳ ಚಿತ್ರಗಳನ್ನು ನೋಡಿದ ಬಳಿಕ ಅವರ ಕೈ ಹೆಚ್ಚು ಜೋಪಾನದಿಂದ ಕೆಲಸ ಮಾಡಿತು. ಬೆಳೆದ ನಾಯಿ, ಬೆಕ್ಕುಗಳ ಚಿತ್ರ ನೋಡಿದವರಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ಮುದ್ದಾದುದು ಕಣ್ಣನ್ನು ತಣಿಸುವುದಷ್ಟೇ ಅಲ್ಲ, ಕೈಯನ್ನೂ ಎಚ್ಚರಗೊಳಿಸುತ್ತದೆ ಎಂದಾಯಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಕೂಸಿನ ಕೆನ್ನೆಯನ್ನು ಮೃದುವಾಗಿ ಮುಟ್ಟುವವರು ಎಷ್ಟು ಮಂದಿಯೊ, ಹಿಂಡುವವರೂ ಅಷ್ಟೇ ಮಂದಿ. ‘ಕಚ್ಚಿ ತಿಂದುಬಿಡೋಣ ಎನ್ನಿಸುತ್ತೆ’ ಎಂದು ಅಕ್ಕರೆಯಿಂದಲೇ ಹೇಳುವುದನ್ನು ಯಾವ ಮನೆಯಲ್ಲಿ ಕೇಳಿಲ್ಲ? ಅಮೆರಿಕದ ವಿದುಷಿ ಸಿಯಾನ್ ಙಾಯ್ ತಮ್ಮ ಬರಹಗಳಲ್ಲಿ ಈ ಮುಖವನ್ನು ವಿವೇಚಿಸಿದ್ದಾರೆ. ಮುದ್ದೆಂಬುದು ಬಲಹೀನತೆಯನ್ನೇ ಚೆಲುವಾಗಿ ಕಾಣುವ ದೃಷ್ಟಿ. ಅದರಲ್ಲಿ ವಾತ್ಸಲ್ಯದೊಡನೆ ಯಜಮಾನಿಕೆಯೂ ಬೆರೆತಿದೆ. ಮೆತ್ತಗಿರುವುದನ್ನು ಕಂಡರೆ ಅಪ್ಪಿಕೊಳ್ಳಬೇಕೆನ್ನಿಸುವಂತೆ ಅದುಮಬೇಕೆಂದೂ ಅನ್ನಿಸುತ್ತದೆ, ಎಂಬುದು ಅವರ ವಾದದ ತಿರುಳು. ಒಪ್ಪಲು ಕಷ್ಟವಾದರೂ ತಳ್ಳಿಹಾಕಲು ಇನ್ನೂ ಕಷ್ಟವಾದ ಮಾತಿದು.

ಜಪಾನಿನಲ್ಲಿ ಈ ಪ್ರಶ್ನೆ ಮನೆಯಂಗಳವನ್ನು ದಾಟಿ ಇತಿಹಾಸದ ಪ್ರಶ್ನೆಯಾಯಿತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಅಣುಬಾಂಬಿಗೆ ಅಮೆರಿಕನ್ನರು ಇಟ್ಟಿದ್ದ ಹೆಸರು ‘ಲಿಟಲ್ ಬಾಯ್’, ಎಂದರೆ ‘ಪುಟ್ಟ ಹುಡುಗ’. ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಜನರನ್ನು ಆ ಪುಟ್ಟ ಹುಡುಗ ಬಲಿ ತೆಗೆದುಕೊಂಡ. ಸೋತ ದೇಶವನ್ನು ಆಳಿದ ಸೇನಾಪತಿ ಮೆಕಾರ್ಥರ್ 1951ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ನಾಗರಿಕತೆಯ ಅಳತೆಯಲ್ಲಿ ಜಪಾನೀಯರು ಹನ್ನೆರಡು ವರ್ಷದ ಹುಡುಗನಿದ್ದಂತೆ ಎಂಬರ್ಥದ ಮಾತನ್ನಾಡಿದ. ಆ ಮಾತು ಜಪಾನಿನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಈ ಮುಳ್ಳನ್ನೇ ಕಲೆಯ ಸಾಧನ ಮಾಡಿಕೊಂಡವರು ತಕಾಶಿ ಮುರಕಾಮಿ. 1962ರಲ್ಲಿ ಟೋಕಿಯೋದಲ್ಲಿ ಹುಟ್ಟಿ, ಸಂಪ್ರದಾಯದ ಜಪಾನೀ ಚಿತ್ರಕಲೆಯಲ್ಲಿ ಡಾಕ್ಟರೇಟ್ ಪಡೆದ ಇವರು, ನಗುವ ಹೂಗಳನ್ನೂ ಗೊಂಬೆಯಂಥ ಪ್ರಾಣಿಗಳನ್ನೂ ಬರೆದು ಪ್ರಸಿದ್ಧರಾದರು. 2005ರಲ್ಲಿ ನ್ಯೂಯಾರ್ಕಿನ ಜಪಾನ್ ಸೊಸೈಟಿಯಲ್ಲಿ ಅವರು ಏರ್ಪಡಿಸಿದ ಪ್ರದರ್ಶನಕ್ಕೆ ‘ಲಿಟಲ್ ಬಾಯ್’ ಎಂದೇ ಹೆಸರಿಟ್ಟರು. ಸೋತು, ಗೆದ್ದವರ ನೆರಳಿನಲ್ಲಿ ಬೆಳೆದ ದೇಶ ದೊಡ್ಡದಾಗುವುದನ್ನೇ ಮರೆತು ಮಗುವಾಗಿ ಉಳಿಯಿತು. ಅದರ ಮುದ್ದು ಗೊಂಬೆಗಳೂ ರಾಕ್ಷಸರ ಚಿತ್ರಗಳೂ ಅದುಮಿಟ್ಟ ಭಯದ ಮಕ್ಕಳು ಎಂಬುದು ಅವರ ವಾದ. ಅವರ ಕೆಲವು ಚಿತ್ರಗಳಲ್ಲಿ ಅಣುಬಾಂಬಿನ ಅಣಬೆಮೋಡವೇ ತಲೆಬುರುಡೆಯ ಆಕಾರ ತಾಳಿ, ಕಣ್ಣಿನ ಕುಳಿಯಲ್ಲಿ ಹೂಗಳನ್ನು ಧರಿಸಿ ಬರುತ್ತದೆ. ಅದೇ ಬಳಗದ ಅಯಾ ತಕಾನೊ ಬರೆಯುವ ಸಪೂರ ಹುಡುಗಿಯರ ಮೊಣಕೈ, ಮೊಣಕಾಲುಗಳಿಗೆ ಕೆಂಪು ಬಣ್ಣ ಸವರಿರುತ್ತದೆ. ಅವರು ಇನ್ನೂ ಬೆಳೆಯುತ್ತಿರುವವರು, ಇನ್ನೂ ಪೂರ್ತಿ ಸಿದ್ಧರಾಗದವರು ಎಂಬುದಕ್ಕೆ ಅದು ಗುರುತು.

ಮುರಕಾಮಿಯವರ ವಾದ ಅಚ್ಚುಕಟ್ಟಾಗಿದೆ. ಆದರೆ ಒಂದು ದೇಶದ ಮಕ್ಕಳ ಮುಖಗಳನ್ನೆಲ್ಲ ಒಂದೇ ಬಾಂಬಿನ ಬೆಳಕಿನಲ್ಲಿ ನೋಡಿದರೆ ಒಂದೊಂದು ಮುಖದ ವೈಶಿಷ್ಟ್ಯ ಕಾಣದೆ ಹೋಗುತ್ತದೆ. ಅದೇ ಪ್ರದರ್ಶನದಲ್ಲಿ ನಾರಾ ಅವರ ಕೃತಿಗಳೂ ಇದ್ದವು. ಅವರ ಮಕ್ಕಳು ಮಾತ್ರ ಯಾವ ವಾದಕ್ಕೂ ತಲೆದೂಗುವ ಜಾತಿಯವರಲ್ಲ.

ನಾರಾ ಹುಟ್ಟಿದ್ದು 1959ರಲ್ಲಿ, ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯ ಅಓಮೊರಿ ಪ್ರಾಂತದ ಹಿರೊಸಾಕಿ ಎಂಬ ಊರಿನಲ್ಲಿ. ಸೇಬಿನ ತೋಟಗಳಿಗೂ ದೀರ್ಘವಾದ ಹಿಮಗಾಲಕ್ಕೂ ಹೆಸರಾದ ಸೀಮೆ ಅದು. ತಂದೆತಾಯಿ ಇಬ್ಬರೂ ದುಡಿಯಲು ಹೋಗುವವರು. ಅಣ್ಣಂದಿರಿಬ್ಬರೂ ವಯಸ್ಸಿನಲ್ಲಿ ದೊಡ್ಡವರು. ಶಾಲೆ ಬಿಟ್ಟು ಬರುವ ಹುಡುಗನನ್ನು ಎದುರುಗೊಳ್ಳುತ್ತಿದ್ದುದು ಖಾಲಿ ಮನೆ. ಚಿತ್ರಪುಸ್ತಕಗಳು, ಸಾಕುಪ್ರಾಣಿಗಳು, ರೇಡಿಯೋ ಇವೇ ಅವನ ಸಂಗಾತಿಗಳು. ಸಮೀಪದ ಮಿಸಾವಾದಲ್ಲಿ ಅಮೆರಿಕದ ವಾಯುನೆಲೆಯಿದ್ದುದರಿಂದ ಅಲ್ಲಿಯ ಸೈನಿಕರಿಗಾಗಿ ಪ್ರಸಾರವಾಗುತ್ತಿದ್ದ ಇಂಗ್ಲಿಷ್ ಹಾಡುಗಳು ಅವನ ರೇಡಿಯೋದಲ್ಲಿಯೂ ಕೇಳಿಬರುತ್ತಿದ್ದವು. ಮಾತು ತಿಳಿಯದು, ದನಿಯಲ್ಲಿರುವ ಸಿಟ್ಟು, ದುಃಖ ಮಾತ್ರ ತಿಳಿಯುತ್ತಿತ್ತು. ರೆಕಾರ್ಡುಗಳ ರಟ್ಟಿನ ಹೊದಿಕೆಗಳೇ ಅವನು ಕಂಡ ಮೊದಲ ಚಿತ್ರಶಾಲೆ.

ಅಯಿಚಿ ಪ್ರಾಂತದ ಕಲಾವಿದ್ಯಾಲಯದಲ್ಲಿ ಶಿಕ್ಷಣ ಮುಗಿಸಿ, 1988ರಲ್ಲಿ ಅವರು ಜರ್ಮನಿಯ ಡ್ಯುಸೆಲ್‌ಡಾರ್ಫ್ ಕಲಾ ಅಕಾಡೆಮಿಯನ್ನು ಸೇರಿದರು. ಅಲ್ಲಿ ಮತ್ತೆ ಅದೇ ಬಾಲ್ಯ ಎದುರಾಯಿತು. ಸುತ್ತಲೂ ತಿಳಿಯದ ಭಾಷೆ, ಮೂಳೆ ಕೊರೆಯುವ ಚಳಿ, ಒಂಟಿತನ. ವಿಚಿತ್ರವೆಂದರೆ ಆ ಪರದೇಶವಾಸದಲ್ಲಿಯೇ ಅವರ ಮಗು ಸ್ಪಷ್ಟವಾದ ರೂಪ ತಾಳಿತು. ಹಿನ್ನೆಲೆಯ ವಸ್ತುಗಳೆಲ್ಲ ಒಂದೊಂದಾಗಿ ಅಳಿಸಿಹೋಗಿ ಒಂದೇ ಆಕೃತಿ ಉಳಿಯಿತು. 1991ರಲ್ಲಿ ಅವರು ರಚಿಸಿದ ‘ಕೈಯಲ್ಲಿ ಚಾಕು ಹಿಡಿದ ಹುಡುಗಿ’ ಈಗ ಅಮೆರಿಕದ ಸಾನ್‌ಫ್ರಾನ್ಸಿಸ್ಕೋದ ಆಧುನಿಕ ಕಲಾಸಂಗ್ರಹಾಲಯದಲ್ಲಿದೆ. 2000ದವರೆಗೂ ಜರ್ಮನಿಯಲ್ಲಿದ್ದು ಅವರು ತಾಯ್ನಾಡಿಗೆ ಹಿಂದಿರುಗಿದರು.

ಚಾಕುವಿನ ಬಗೆಗೆ ಕೇಳಿದವರಿಗೆ ನಾರಾ ಕೊಟ್ಟ ಉತ್ತರದ ಭಾವ ಇದು: ಆ ಚಾಕುಗಳು ಆಟಿಕೆಗಳಷ್ಟು ಚಿಕ್ಕವು, ಅವುಗಳಿಂದ ಹೋರಾಡಲಾದೀತೆ? ಮಕ್ಕಳ ಸುತ್ತಲೂ ಇನ್ನೂ ದೊಡ್ಡ ಚಾಕುಗಳನ್ನು ಹಿಡಿದ ದೊಡ್ಡವರು ನಿಂತಿದ್ದಾರೆ. ಈ ಮಾತನ್ನು ಕೇಳಿದ ಮೇಲೆ ಆ ಖಾಲಿ ಹಿನ್ನೆಲೆ ಖಾಲಿಯಾಗಿ ಉಳಿಯುವುದಿಲ್ಲ. ಮಗು ಕೆಕ್ಕರಿಸಿ ನೋಡುತ್ತಿರುವುದು ಚಿತ್ರದ ಹೊರಗಿರುವವರನ್ನು. ಚಿತ್ರದ ಹೊರಗೆ ನಿಂತಿರುವವರಾದರೂ ಯಾರು? ಟಿಕೆಟ್ ಕೊಂಡು ಒಳಗೆ ಬಂದ, ‘ಎಷ್ಟು ಮುದ್ದಾಗಿದೆ’ ಎಂದು ಹೇಳಲು ಆಗತಾನೆ ಬಾಯಿ ತೆರೆದಿರುವ ದೊಡ್ಡವರೇ ಅಲ್ಲವೆ?

ಇನ್ನೊಂದು ಸೂಕ್ಷ್ಮವುಂಟು. ಮುದ್ದಾದುದು ಚಿಕ್ಕದಾಗಿರಬೇಕು, ಅಂಗೈಯಲ್ಲಿ ಹಿಡಿಸಬೇಕು ಎಂಬುದು ಲೋಕದ ನಿಯಮ. ‘ಬೆನ್ನ ಹಿಂದೆ ಚಾಕು’ ಚಿತ್ರದ ಎತ್ತರ ಏಳೂವರೆ ಅಡಿಗಿಂತ ಹೆಚ್ಚು. ನೋಡುವವರೇ ತಲೆಯೆತ್ತಿ ಮಗುವನ್ನು ನೋಡಬೇಕು. ಒಂದು ಕ್ಷಣ ದೊಡ್ಡವರೇ ಚಿಕ್ಕವರಾಗುತ್ತಾರೆ. ಅಓಮೊರಿಯ ಕಲಾಸಂಗ್ರಹಾಲಯದಲ್ಲಿ 2006ರಿಂದ ಇರುವ ಅವರ ‘ಅಓಮೊರಿ ನಾಯಿ’ಯೂ ಹೀಗೆಯೇ. ಎಂಟೂವರೆ ಮೀಟರ್ ಎತ್ತರದ ಬಿಳಿಯ ನಾಯಿ ಅದು. ಅರ್ಧ ದೇಹ ನೆಲದಲ್ಲಿ ಹೂತಂತಿದೆ. ತಲೆ ತಗ್ಗಿಸಿಕೊಂಡು ತನ್ನ ಮುಂದಿನ ಬಟ್ಟಲನ್ನು ನೋಡುತ್ತಿದೆ. ಚಳಿಗಾಲದಲ್ಲಿ ಅದರ ತಲೆಯ ಮೇಲೆ ಮಂಜು ಬಿದ್ದು ಕುಲಾವಿ ಇಟ್ಟಂತಾಗುತ್ತದೆ. 1999ರಲ್ಲಿ ನಾರಾ ಮಕ್ಕಳಿಗಾಗಿ ಬರೆದ ಚಿತ್ರಪುಸ್ತಕವೊಂದರ ನಾಯಕನೂ ಇಂಥ ನಾಯಿಯೇ. ಅದು ಎಷ್ಟು ದೊಡ್ಡದೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದಲೇ ಒಂಟಿ. ಕೊನೆಗೆ ಪುಟ್ಟ ಹುಡುಗಿಯೊಬ್ಬಳು ಹತ್ತಿ ಹೋಗಿ ಅದರ ಗೆಳೆತನ ಮಾಡುತ್ತಾಳೆ. ದುಃಖ ಬಹಳ ದೊಡ್ಡದಾದರೆ ಸುತ್ತಲಿನವರಿಗೆ ಕಾಣದೆಂಬ ಮಾತನ್ನು ಮಕ್ಕಳಿಗೆ ಇದಕ್ಕಿಂತ ಸರಳವಾಗಿ ಹೇಳುವುದು ಸಾಧ್ಯವಿಲ್ಲ.

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ ಭೂಕಂಪವಾಗಿ ಸಮುದ್ರ ಉಕ್ಕಿ ಬಂತು. ಸತ್ತವರು, ಕಾಣೆಯಾದವರು ಒಟ್ಟು 18,000ಕ್ಕೂ ಹೆಚ್ಚು. ಫುಕುಶಿಮಾದ ಅಣು ವಿದ್ಯುತ್ ಸ್ಥಾವರ ಕೆಟ್ಟು ವಿಕಿರಣ ಹರಡಿತು. ನಾರಾ ಆಗ ವಾಸವಾಗಿದ್ದುದು ಫುಕುಶಿಮಾಕ್ಕೆ ಹೊಂದಿದ ತೊಚಿಗಿ ಪ್ರಾಂತದಲ್ಲಿ. ಅವರಿಗೆ ಕುಂಚ ಹಿಡಿಯುವುದೇ ಅಸಾಧ್ಯವಾಯಿತು. ತಾವು ಓದಿದ ಅಯಿಚಿಯ ವಿದ್ಯಾಲಯಕ್ಕೆ ಹೋಗಿ, ವಿದ್ಯಾರ್ಥಿಗಳ ನಡುವೆ ಮಣ್ಣನ್ನು ಬರಿಗೈಯಿಂದ ಮಿದಿದು ದೊಡ್ಡ ದೊಡ್ಡ ತಲೆಗಳನ್ನು ಮಾಡತೊಡಗಿದರು. ಅವನ್ನು ಕಂಚಿನಲ್ಲಿ ಎರಕ ಹೊಯ್ದಾಗಲೂ ಬೆರಳುಗಳ ಗುರುತುಗಳನ್ನು ಒರಸದೆ ಹಾಗೆಯೇ ಉಳಿಸಿದರು. ಮತ್ತೆ ಚಿತ್ರಕ್ಕೆ ಮರಳಿದಾಗ ಅವರ ಮಕ್ಕಳು ಬದಲಾಗಿದ್ದರು. ಚಾಕು ಇಲ್ಲ, ಕೆಕ್ಕರಿಸುವ ನೋಟವೂ ಇಲ್ಲ. 2012ರ ‘ಮಿಸ್ ಸ್ಪ್ರಿಂಗ್’ ಮುಂತಾದ ಚಿತ್ರಗಳಲ್ಲಿ ಮಗು ನೇರವಾಗಿ ಎದುರು ನಿಂತಿದೆ. ಬಣ್ಣದ ಮೇಲೆ ಬಣ್ಣ ತೆಳುವಾಗಿ ಹರಡಿ, ಕಣ್ಣೊಳಗೆ ಹಲವು ಬಣ್ಣಗಳು ನೀರಿನಲ್ಲಿ ಕಂಡ ದೀಪಗಳಂತೆ ನಡುಗುತ್ತವೆ. ಅದು ಅಳುತ್ತಿದೆಯೆ, ಅತ್ತು ಮುಗಿಸಿದೆಯೆ ಎಂಬುದು ಹೇಳಲಾಗದ ಸ್ಥಿತಿ.

ಸಿಟ್ಟಿನ ಮಗು ಮಾತ್ರ ಪೂರ್ತಿ ಮಾಯವಾಗಲಿಲ್ಲ. 1998ರಲ್ಲಿ ನಾರಾ ಬರೆದಿದ್ದ, ಅಣುಶಕ್ತಿ ಬೇಡವೆಂಬ ಫಲಕ ಹಿಡಿದ ಹುಡುಗಿಯ ಚಿತ್ರವೊಂದಿತ್ತು. 2012ರಲ್ಲಿ ಜನರು ಅಣುಸ್ಥಾವರಗಳ ವಿರುದ್ಧ ಬೀದಿಗಿಳಿದಾಗ ಆ ಚಿತ್ರವನ್ನು ಬಳಸಲು ಅವರು ಅನುಮತಿ ಕೊಟ್ಟರು. ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆಬಾಳುವ ಕೈಯ ರೇಖೆ ಸಾಧಾರಣ ಕಾಗದದ ಮೇಲೆ ಅಚ್ಚಾಗಿ ಸಾಮಾನ್ಯರ ಕೈಸೇರಿತು. ನಾಗನೊ ಪ್ರಾಂತದ, 1984ರಲ್ಲಿ ಹುಟ್ಟಿದ ಹಿಕಾರಿ ಶಿಮೊದಾ ಎಂಬ ಚಿತ್ರಕಾರ್ತಿಯ ಮಕ್ಕಳಿಗೂ ಕಣ್ಣಿನ ತುಂಬ ನಕ್ಷತ್ರಗಳಿವೆ. ಮೈಮೇಲೆ ಗಾಯಗಳೂ ಇವೆ. ಹಳೆಯ ಪತ್ರಿಕೆಗಳ ಹುಡುಗಿಯರ ಕಣ್ಣಿನ ಮಿನುಗೇ ಇಲ್ಲಿ ಬೇರೆಯ ಅರ್ಥ ಪಡೆದಿದೆ. ಆ ಕಣ್ಣು ಎದುರಿನ ಪ್ರಪಂಚ ಉರಿಯುವುದನ್ನು ಪ್ರತಿಬಿಂಬಿಸುವಂತಿದೆ.

ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಇರಲಾಗದು. ಕನ್ನಡದ ಅನೇಕ ಮನೆಗಳಲ್ಲಿ ಮಕ್ಕಳೂ ದೊಡ್ಡವರೂ ಓದಿರುವ ‘ತೊತ್ತೊ-ಚಾನ್’ ಪುಸ್ತಕ ಜಪಾನಿನಲ್ಲಿ ಮೊದಲು ಪ್ರಕಟವಾದುದು 1981ರಲ್ಲಿ. ಅದಕ್ಕೆ ಒದಗಿಸಿದ ಚಿತ್ರಗಳು ಚಿಹಿರೊ ಇವಾಸಾಕಿ ಎಂಬಾಕೆಯವು. ನೀರುಬಣ್ಣದಲ್ಲಿ ಅದ್ದಿ ತೆಗೆದಂತಿರುವ ಆ ಮಕ್ಕಳನ್ನು ಕಂಡರೆ ಮೊದಲು ತೋಚುವ ಮಾತು ‘ಮುದ್ದು’ ಎಂದೇ. ಆದರೆ 1918ರಲ್ಲಿ ಹುಟ್ಟಿದ ಆಕೆಯ ಟೋಕಿಯೋ ಮನೆ 1945ರ ಮೇ ತಿಂಗಳ ಬಾಂಬುದಾಳಿಯಲ್ಲಿ ಸುಟ್ಟುಹೋಗಿತ್ತು. ವಿಯೆಟ್ನಾಮಿನ ಯುದ್ಧದ ಸುದ್ದಿ ಕೇಳಿ, ಕಾಯಿಲೆಯ ನಡುವೆಯೂ 1973ರಲ್ಲಿ ಆಕೆ ‘ಯುದ್ಧದ ಬೆಂಕಿಯೊಳಗಿನ ಮಕ್ಕಳು’ ಎಂಬ ಚಿತ್ರಪುಸ್ತಕವನ್ನು ಹೊರತಂದಳು. ಮರುವರ್ಷವೇ ತೀರಿಕೊಂಡಳು. ಆ ಪುಸ್ತಕದಲ್ಲಿ ಹೆಣಗಳಿಲ್ಲ, ರಕ್ತವಿಲ್ಲ, ಮಕ್ಕಳ ಕಣ್ಣುಗಳಿವೆ. ಮುದ್ದನ್ನು ಸಾಕ್ಷಿ ಹೇಳಲು ಕರೆತಂದವರಲ್ಲಿ ಆಕೆ ನಾರಾ ಅವರಿಗಿಂತ ಹಿರಿಯಳು.

ಈ ಎಲ್ಲ ಮಾತುಗಳಿಗೂ ಒಂದು ಗಟ್ಟಿಯಾದ ಆಕ್ಷೇಪಣೆಯುಂಟು. ಅಸಹಾಯಕತೆಯನ್ನು ಹೀಗೆ ಚೆಲುವಾಗಿ ಬರೆದು, ಕೊನೆಗೆ ಅದನ್ನೇ ಸರಕಾಗಿಸಿದಂತಾಗಲಿಲ್ಲವೆ? ನಾರಾ ಅವರ ಮಗು ಬೂದಿಬಟ್ಟಲಿನ ಮೇಲಿದೆ, ಗಡಿಯಾರದ ಮೇಲಿದೆ, ಅಂಚೆಯ ಕಾರ್ಡಿನ ಮೇಲಿದೆ. ಮುರಕಾಮಿಯವರ ಹೂಗಳು ಶ್ರೀಮಂತ ಮಹಿಳೆಯರ ಕೈಚೀಲಗಳ ಮೇಲೆ ಅರಳಿವೆ. ಜಪಾನಿನ ವಿದೇಶಾಂಗ ಖಾತೆಯೇ 2009ರಲ್ಲಿ ಮೂವರು ತರುಣಿಯರನ್ನು ‘ಕವಾಯಿ ರಾಯಭಾರಿ’ಗಳೆಂದು ನೇಮಿಸಿತ್ತು. ಮಗುವಿನ ಸಿಟ್ಟಿಗೂ ಬೆಲೆಚೀಟಿ ಅಂಟಿಸಿದರೆ ಆ ಸಿಟ್ಟು ಇನ್ನು ಯಾರನ್ನು ಮುಟ್ಟೀತು?

ಆಕ್ಷೇಪಣೆ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರವೂ ಹಿರೊಸಾಕಿಯಲ್ಲಿಯೇ ದೊರೆಯುತ್ತದೆ. ಆ ಊರಿನಲ್ಲಿ ಮದ್ಯ ತಯಾರಿಸುತ್ತಿದ್ದ ಹಳೆಯ ಕೆಂಪಿಟ್ಟಿಗೆಯ ಕಟ್ಟಡವೊಂದಿತ್ತು. 2002, 2005 ಮತ್ತು 2006ರಲ್ಲಿ ನಾರಾ ತಮ್ಮ ಪ್ರದರ್ಶನಗಳನ್ನು ಅಲ್ಲಿ ನಡೆಸಿದರು. ಅವುಗಳನ್ನು ನಿಲ್ಲಿಸಿದವರು ಬಹುಮಟ್ಟಿಗೆ ಸ್ವಯಂಸೇವಕರು. ಸಂಬಳವಿಲ್ಲದೆ ಬಂದು ಗುಡಿಸಿದರು, ಮೊಳೆ ಹೊಡೆದರು, ಬಂದವರಿಗೆ ದಾರಿ ತೋರಿಸಿದರು. ಆ ಕೃತಜ್ಞತೆಯ ನೆನಪಿಗಾಗಿ ನಾರಾ ಒಂದು ಬಿಳಿಯ ನಾಯಿಯನ್ನು ಊರಿಗೆ ಕೊಟ್ಟರು. ಆ ಕಟ್ಟಡವೇ 2020ರಲ್ಲಿ ಹಿರೊಸಾಕಿಯ ಸಮಕಾಲೀನ ಕಲಾಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಒಂದು ಕಾಲಕ್ಕೆ ಹುಡುಗನೊಬ್ಬ ಖಾಲಿ ಮನೆಗೆ ಹಿಂದಿರುಗುತ್ತಿದ್ದ ಊರಿನಲ್ಲಿ, ಅವನ ಮಕ್ಕಳನ್ನು ನೋಡಿಕೊಳ್ಳಲು ಊರವರೇ ಬಂದು ನಿಂತರು. ಮಾರಾಟದ ಲೆಕ್ಕದಲ್ಲಿ ಸೇರದ ಇಂಥ ಬೆಲೆಯೂ ಒಂದುಂಟು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ದುರ್ಬಲರನ್ನು ಕಂಡು ಕರಗುವುದು ಸುಲಭ. ಅವರಿಗೂ ಒಂದು ಮನಸ್ಸಿದೆ, ಅದರಲ್ಲಿ ಸಿಟ್ಟೂ ಇರಬಹುದು, ಗುಟ್ಟೂ ಇರಬಹುದು ಎಂದು ಒಪ್ಪುವುದು ಕಷ್ಟ. ಹಲೋ ಕಿಟ್ಟಿಗೆ ಬಾಯಿಯಿಲ್ಲ, ಆದ್ದರಿಂದ ಅದರಿಂದ ಯಾರಿಗೂ ತೊಂದರೆಯಿಲ್ಲ. ನಾರಾ ಅವರ ಮಗುವಿಗೆ ಬಾಯಿಯಿದೆ. ಅದನ್ನು ಅದು ಬಿಗಿದು ಮುಚ್ಚಿಕೊಂಡಿದೆ. ಮಾತು ಬಾರದುದಕ್ಕೂ ಮಾತನಾಡಲು ಒಲ್ಲದುದಕ್ಕೂ ಇರುವ ವ್ಯತ್ಯಾಸವೇ ಗೊಂಬೆಗೂ ವ್ಯಕ್ತಿಗೂ ಇರುವ ವ್ಯತ್ಯಾಸ. ಎದುರು ನಿಂತವರಿಗೆ ಅಳುಕಾಗುವುದು, ತಾವು ನೋಡುತ್ತಿರುವುದು ಗೊಂಬೆಯಲ್ಲವೆಂದು ತಿಳಿದ ಕ್ಷಣದಲ್ಲಿ.

ನೆಂಟರು ಬಂದಾಗ ಪುಟ್ಟ ಮಗುವನ್ನು ನಡುಮನೆಗೆ ಕರೆತಂದು, ‘ಹಾಡು ಹೇಳು, ಮಾಮನಿಗೆ ಮುತ್ತು ಕೊಡು’ ಎಂದು ಒತ್ತಾಯಿಸುವುದು, ಅದು ಒಲ್ಲೆನೆಂದು ತಾಯಿಯ ಸೆರಗಿನ ಹಿಂದೆ ಕೈಮುದುರಿ ನಿಂತರೆ ಎಲ್ಲರೂ ನಗುವುದು ಮನೆಮನೆಯ ನೋಟ. ಆ ನಗೆಯಲ್ಲಿ ಕೆಡುಕೇನೂ ಇಲ್ಲ. ಆದರೂ ಕೆನ್ನೆ ಹಿಂಡಲು ಕೈ ಚಾಚುವ ಮುನ್ನ ಒಂದು ಕ್ಷಣ ತಡೆದು ಆ ಕಣ್ಣಿನ ಪಾಪೆಯನ್ನು ನೋಡುವುದು ಒಳ್ಳೆಯದು. ಅಲ್ಲಿ ಕೈ ಚಾಚಿದವರ ಬಿಂಬ ಹೇಗೆ ಕಾಣುತ್ತಿದೆ ಎಂಬುದೂ ಆಗ ತಿಳಿದೀತು.